ಮಹಾಳಿ ಎಂದು ಹುಡುಕಿದರೆ ಕೊಳೆರೋಗ ಸಿಗಬೇಕು: ಒಂದು ಕನ್ನಡ ಶೋಧ ಪೇಪರ್ ಜರ್ನಲ್ ಮುಟ್ಟಿದ ಪ್ರಕರಣ

ಉಡುಪಿ ಜಿಲ್ಲೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜು. ಕಂಪ್ಯೂಟರ್ ವಿಭಾಗದಲ್ಲಿ ಪಿಎಚ್‌.ಡಿ. ಮಾಡುತ್ತಿರುವ ಸಂಶೋಧಕಿ, ಅವರ ಗೈಡ್, ಜೊತೆಗೆ ಇಬ್ಬರು ಎಂ.ಟೆಕ್. ವಿದ್ಯಾರ್ಥಿಗಳು. ಕೈಯಲ್ಲಿರುವುದು ಅಡಿಕೆ, ತೆಂಗು, ಕಾಳುಮೆಣಸಿನ ಬಗ್ಗೆ ಕನ್ನಡದಲ್ಲಿ ಬಂದ ಸುಮಾರು 18,000 ಲೇಖನ, ಸುದ್ದಿಗಳ ಸಂಗ್ರಹ ಮತ್ತು ಪದದ ಕೊನೆಯ ಪ್ರತ್ಯಯ ಕತ್ತರಿಸಿ ಮೂಲರೂಪ ಹಿಡಿಯುವ ಒಂದು ಸ್ಟೆಮ್ಮರ್. ಈ ಸ್ಟೆಮ್ಮರ್ ಹಾಕಿದರೆ ಕನ್ನಡದ ಹುಡುಕಾಟ ಸುಧಾರಿಸುತ್ತದೆ ಎಂಬುದು ತಂಡದ ವಾದ. ಅಡಿಕೆಯ ಕೊಳೆರೋಗಕ್ಕೆ ಇಲ್ಲಿನ ಬೆಳೆಗಾರರ ಬಾಯಲ್ಲಿ ‘ಮಹಾಳಿ’ ಎಂದು ಹೆಸರು; ಅಂಥ ಮಾತಿಗೂ ಸರಿಯಾದ ಲೇಖನ ಸಿಗಬೇಕು. ಪೇಪರ್ ಬರೆದು ಮುಗಿಸಿದ ಮೇಲೆ ಎದ್ದ ಪ್ರಶ್ನೆ: ಎಲ್ಲಿಗೆ ಕಳುಹಿಸುವುದು?

ಆ ಪ್ರಶ್ನೆ ಅಷ್ಟು ತಡವಾಗಿ ಎದ್ದದ್ದೇ ಮುಂದಿನ ತೊಂದರೆಗಳಿಗೆಲ್ಲ ಬೇರು. ಕರಾವಳಿಯ ಕಾಲೇಜುಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಇಲ್ಲಿ ಒಂದೇ ಪ್ರಕರಣವಾಗಿ ಹೆಣೆದಿದೆ. ತಂಡದ ಅಂಕಿಗಳನ್ನು ಲೆಕ್ಕ ತೋರಿಸಲು ಅನುಕೂಲವಾಗುವಂತೆ ದುಂಡಗೆ ಮಾಡಿದೆ.

ಮೊದಲು ಕಳುಹಿಸಿದ್ದು ಮಾಹಿತಿ ಶೋಧ (ದೊಡ್ಡ ಸಂಗ್ರಹದಿಂದ ಬೇಕಾದ ಲೇಖನ ಹುಡುಕಿಕೊಡುವ ವಿದ್ಯೆ) ಕ್ಷೇತ್ರದ ಹೆಸರಾಂತ ಜರ್ನಲ್ ಒಂದಕ್ಕೆ. ಆಯ್ಕೆಗೆ ಇದ್ದ ಕಾರಣ, ಅದು ಕ್ಯೂ1 ಪಟ್ಟಿಯಲ್ಲಿದೆ (ಕ್ಷೇತ್ರದ ಮೇಲಿನ ಕಾಲುಭಾಗದ ಜರ್ನಲ್‌ಗಳಲ್ಲಿ ಒಂದು) ಎಂಬುದಷ್ಟೆ. ವಿಮರ್ಶಕರ ಕೈಗೂ ಹೋಗದೆ, ಸಂಪಾದಕರ ಮೇಜಿನಿಂದಲೇ ಪೇಪರ್ ವಾಪಸ್ ಬಂತು. ಪತ್ರದಲ್ಲಿದ್ದದ್ದು ಎರಡು ವಾಕ್ಯ: ಸ್ಟೆಮ್ಮರಿನ ನಿಖರತೆ ಶೋಧದ ಗುಣಮಟ್ಟಕ್ಕೆ ಪುರಾವೆಯಲ್ಲ, ಹೋಲಿಕೆಗೆ ಇಟ್ಟ ವ್ಯವಸ್ಥೆ ದುರ್ಬಲ. ತಂಡ ಇದನ್ನು ‘ಕನ್ನಡ ಅಂದರೆ ಅವರಿಗೆ ತಾತ್ಸಾರ’ ಎಂದು ಓದಿಕೊಂಡಿತು. ಆ ಓದು ತಪ್ಪು. ಪತ್ರದ ಎರಡೂ ಮಾತು ನಿಜ, ಎರಡೂ ಸರಿಪಡಿಸಬಹುದಾದವು.

ಆ ಬೇಸರದ ವಾರದಲ್ಲೇ ಒಂದು ಇಮೇಲ್ ಬಂತು. ಡೇಟಾ ಸೈನ್ಸ್ ಹೆಸರಿನ ಜರ್ನಲ್, ಜರ್ನಲ್‌ಗಳ ಸೂಚಿಯಾದ ಸ್ಕೋಪಸ್‌ನಲ್ಲಿದೆ ಎಂಬ ಮಾತು, 72 ಗಂಟೆಯಲ್ಲಿ ವಿಮರ್ಶೆ, ಸ್ವೀಕಾರವಾದರೆ ಶುಲ್ಕ. ಪೇಪರ್ ಅಪ್‌ಲೋಡ್ ಆಯಿತು. ಮೂರನೇ ದಿನ ಒಂದು ಅಲ್ಪವಿರಾಮದ ತಿದ್ದುಪಡಿಯೂ ಇಲ್ಲದೆ ಸ್ವೀಕಾರಪತ್ರ ಬಂತು. ಹಣ ಕಟ್ಟುವ ಮೊದಲು ಕಾಲೇಜಿನ ಗ್ರಂಥಪಾಲಕರಿಗೆ ತೋರಿಸಿದ್ದು ತಂಡದ ಪುಣ್ಯ.

ಗ್ರಂಥಪಾಲಕರು ಮಾಡಿದ ಪರಿಶೀಲನೆಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಮೊದಲು ಐಎಸ್‌ಎಸ್‌ಎನ್. ಜರ್ನಲ್ ಒಂದೊಂದಕ್ಕೂ ಕೊಡುವ ಎಂಟು ಅಂಕಿಯ ಈ ಗುರುತಿನ ಸಂಖ್ಯೆಯ ಕೊನೆಯ ಅಂಕಿ ತಾಳೆಯಂಕಿ. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿಸಬೇಕು. ಮೊತ್ತವನ್ನು 11ರಿಂದ ಭಾಗಿಸಿ, ಉಳಿದ ಶೇಷವನ್ನು 11ರಿಂದ ಕಳೆಯಬೇಕು. ಉದಾಹರಣೆಗೆ ‘ಇನ್ಫರ್ಮೇಶನ್ ಪ್ರೊಸೆಸಿಂಗ್ ಅಂಡ್ ಮ್ಯಾನೇಜ್‌ಮೆಂಟ್’ ಜರ್ನಲ್‌ನ ಸಂಖ್ಯೆ 0306-4573. ಮೊತ್ತ 96, ಶೇಷ 8, ಹನ್ನೊಂದರಿಂದ ಎಂಟು ಕಳೆದರೆ 3. ತಾಳೆಯಾಯಿತು. ಇಮೇಲ್ ಬಂದ ಜರ್ನಲ್‌ನ ಸಂಖ್ಯೆಯೂ ಹೀಗೆ ತಾಳೆಯಾಯಿತು! ಜನ ಎಡವುವುದು ಇಲ್ಲೇ. ತಾಳೆಯಂಕಿ ಹೇಳುವುದು ಸಂಖ್ಯೆಯಲ್ಲಿ ಟೈಪಿಂಗ್ ತಪ್ಪಿಲ್ಲ ಎಂದು ಮಾತ್ರ. ಸಂಖ್ಯೆ ಯಾರದ್ದು ಎಂದು ಅದು ಹೇಳುವುದಿಲ್ಲ. ನಕಲಿ ಜರ್ನಲ್‌ಗಳು ಬೇರೊಂದು ನಿಜವಾದ ಜರ್ನಲ್‌ನ ಹೆಸರನ್ನೂ ಸಂಖ್ಯೆಯನ್ನೂ ಎತ್ತಿ ತಮ್ಮ ಜಾಲತಾಣಕ್ಕೆ ಅಂಟಿಸಿಕೊಳ್ಳುತ್ತವೆ. ಅಚ್ಚಿನಲ್ಲಷ್ಟೇ ಬರುವ, ನಿಂತುಹೋದ, ಹೆಸರು ಬದಲಿಸಿದ ಜರ್ನಲ್‌ಗಳು ಇಂಥವರಿಗೆ ಸುಲಭದ ತುತ್ತು. ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಅದೇ ಸಂಖ್ಯೆ ಹಾಕಿದಾಗ ಪ್ರಕಾಶಕರ ದೇಶವೇ ಬೇರೆ ಇತ್ತು.

ಎರಡನೆಯದು ಡಿಒಐ, ಅಂದರೆ ಪ್ರತಿ ಲೇಖನಕ್ಕೂ ಕೊಡುವ ಶಾಶ್ವತ ಗುರುತು. ಆ ತಾಣದ ಹಿಂದಿನ ಸಂಚಿಕೆಯಿಂದ ಐದು ಲೇಖನಗಳ ಡಿಒಐ ತೆಗೆದು ಡಿಒಐನ ಅಧಿಕೃತ ತಾಣದಲ್ಲಿ ತೆರೆದರೆ ಮೂರು ಎಲ್ಲಿಗೂ ಹೋಗಲಿಲ್ಲ, ಎರಡು ಬೇರೆಯವರ ಲೇಖನಕ್ಕೆ ಹೋದವು. ಮೂರನೆಯದು ಸ್ಕೋಪಸ್. ಅದರ ಮೂಲಗಳ ಪಟ್ಟಿಯನ್ನು ಚಂದಾ ಇಲ್ಲದೆಯೂ ನೋಡಬಹುದು. ಅಲ್ಲಿ ಹೆಸರು ಸಿಕ್ಕರೆ ಸಾಲದು. ಯಾವ ವರ್ಷದಿಂದ ಯಾವ ವರ್ಷದವರೆಗೆ ಸೇರಿದೆ, ಈಗ ಕೈಬಿಟ್ಟಿದ್ದಾರೆಯೇ, ಪ್ರಕಾಶಕರ ಹೆಸರು ತಾಳೆಯಾಗುತ್ತದೆಯೇ ಎಂದು ನೋಡಬೇಕು. ಮುಂಚೆ ಯುಜಿಸಿ-ಕೇರ್ ಎಂಬ, ಒಪ್ಪಿತ ಜರ್ನಲ್‌ಗಳ ಪಟ್ಟಿ ನೋಡಿ ಕೈತೊಳೆದುಕೊಳ್ಳುವ ರೂಢಿ ಇತ್ತು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನು ನಿಲ್ಲಿಸುವ ತೀರ್ಮಾನ ಪ್ರಕಟಿಸಿದ ಮೇಲೆ ಈ ಜವಾಬ್ದಾರಿ ನೇರವಾಗಿ ಸಂಸ್ಥೆ ಮತ್ತು ಸಂಶೋಧಕರ ಹೆಗಲಿಗೆ ಬಂದಿದೆ.

ತಂಡ ಹಣ ಕಟ್ಟಲಿಲ್ಲ, ಹಕ್ಕು ವರ್ಗಾವಣೆಯ ಪತ್ರಕ್ಕೆ ಸಹಿ ಹಾಕಲಿಲ್ಲ. ‘ಪೇಪರ್ ಹಿಂತೆಗೆದುಕೊಂಡಿದ್ದೇವೆ, ಪ್ರಕಟಿಸಲು ನಮ್ಮ ಒಪ್ಪಿಗೆ ಇಲ್ಲ’ ಎಂದು ಎಲ್ಲ ಲೇಖಕರ ಹೆಸರಿನಲ್ಲಿ ಇಮೇಲ್ ಕಳುಹಿಸಿ, ಅದರ ಪ್ರತಿಯನ್ನು ತಾರೀಕಿನ ಸಮೇತ ತೆಗೆದಿಟ್ಟಿತು. ಆ ಪ್ರತಿ ಬೇಕೇಬೇಕು. ನಾಳೆ ನಕಲಿ ತಾಣದಲ್ಲಿ ಪೇಪರ್ ಕಾಣಿಸಿಕೊಂಡರೆ, ನಿಜವಾದ ಜರ್ನಲ್‌ನ ಸಂಪಾದಕರು ಎರಡು ಕಡೆ ಪ್ರಕಟಿಸಿದ ಆರೋಪ ಹೊರಿಸದಂತೆ ತೋರಿಸಲು ಇರುವ ಆಧಾರ ಅದೊಂದೇ.

ಈಗ ಪೇಪರಿನ ಒಳಗಿನ ಕಾಯಿಲೆಗೆ ಬರೋಣ. ತಂಡ ಹೋಲಿಸಿದ್ದು ಏನೂ ಕತ್ತರಿಸದೆ ಇದ್ದ ಪದವನ್ನು ಇದ್ದಂತೆಯೇ ಹುಡುಕುವ ವ್ಯವಸ್ಥೆಯ ಜೊತೆ. ಕನ್ನಡದಲ್ಲಿ ಇದು ಕೈಕಟ್ಟಿದವನ ಜೊತೆ ಕುಸ್ತಿ. ‘ಅಡಿಕೆಗೆ’, ‘ಅಡಿಕೆಯಲ್ಲಿ’, ‘ಅಡಿಕೆಯಿಂದ’, ‘ಅಡಿಕೆಮರದ’ ಎಲ್ಲವೂ ಬೇರೆ ಪದಗಳೆಂದು ಲೆಕ್ಕವಾದರೆ ಎಂಥ ಸ್ಟೆಮ್ಮರ್ ಹಾಕಿದರೂ ಗೆಲ್ಲುತ್ತದೆ. 2009ರಲ್ಲಿ ಆರ್ಮ್‌ಸ್ಟ್ರಾಂಗ್, ಮೊಫಾಟ್, ವೆಬ್ಬರ್, ಜೋಬೆಲ್ ಎಂಬ ನಾಲ್ವರು ಹತ್ತು ವರ್ಷದ ಶೋಧ ಪೇಪರ್‌ಗಳನ್ನು ಜಾಲಾಡಿ ಇದನ್ನೇ ತೋರಿಸಿದ್ದರು: ಪ್ರತಿಯೊಂದರಲ್ಲೂ ಸುಧಾರಣೆಯ ಮಾತಿದೆ, ಆದರೆ ಹೋಲಿಕೆಗೆ ದುರ್ಬಲ ವ್ಯವಸ್ಥೆಯನ್ನೇ ಇಟ್ಟುಕೊಂಡದ್ದರಿಂದ ಒಟ್ಟಾರೆ ಮುನ್ನಡೆ ಕಾಣುವುದಿಲ್ಲ. ಆ ಪೇಪರ್ ಓದಿದ ಯಾವ ಸಂಪಾದಕರೂ ಇಂಥ ಹೋಲಿಕೆಯನ್ನು ಒಪ್ಪಲಾರರು.

ಸರಿಯಾದ ಎದುರಾಳಿ ಯಾವುದು? ಪದಗಳ ಹೊಂದಿಕೆ ನೋಡಿ ಲೇಖನಗಳಿಗೆ ಅಂಕ ಕೊಡುವ ಬಿಎಂ25 ಸೂತ್ರ ಇರಲೇಬೇಕು. ಶೋಧ ತಂತ್ರಾಂಶ ಲೂಸೀನ್‌ನಲ್ಲಿ ಅದರ ಹದ ಹೊಂದಿಸುವ ಕೆ1 ಬೆಲೆ 1.2, ಬಿ ಬೆಲೆ 0.75 ಎಂದು ಮೊದಲೇ ಕೂತಿರುತ್ತದೆ. ಅದನ್ನು ಹಾಗೇ ಬಿಟ್ಟು ತಮ್ಮ ವ್ಯವಸ್ಥೆಯನ್ನು ಮಾತ್ರ ಹದ ಮಾಡಿಕೊಂಡರೆ ಅದೂ ಅನ್ಯಾಯ. ಎರಡನೆಯ ಎದುರಾಳಿ ಇನ್ನೂ ಗಟ್ಟಿ: ಪದವನ್ನು ನಾಲ್ಕು ನಾಲ್ಕು ಅಕ್ಷರಗಳ ತುಂಡಾಗಿ ಸೂಚಿಗೆ (ಹುಡುಕಾಟಕ್ಕೆ ಬಳಸುವ ಪದಪಟ್ಟಿಗೆ) ಹಾಕುವುದು. ವ್ಯಾಕರಣದ ಗಂಧವಿಲ್ಲದ ಈ ವಿಧಾನ ಪ್ರತ್ಯಯ ಹೆಚ್ಚಿರುವ ಯುರೋಪಿನ ಭಾಷೆಗಳಲ್ಲಿ ಚೆನ್ನಾಗಿ ನಿಲ್ಲುತ್ತದೆ ಎಂದು ಮೆಕ್‌ನಾಮಿ ಮತ್ತು ಮೇಫೀಲ್ಡ್ 2004ರಲ್ಲಿ ತೋರಿಸಿದ್ದರು. ಕನ್ನಡಕ್ಕೆ ತರುವಾಗ ‘ಅಕ್ಷರ’ ಎಂದರೇನು ಎಂದು ಮೊದಲು ತೀರ್ಮಾನಿಸಬೇಕು. ‘ಮಂಗಳೂರು’ ನಮ್ಮ ಕಣ್ಣಿಗೆ ಮಂ-ಗ-ಳೂ-ರು ಎಂಬ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಏಳು ಸಂಕೇತ. ಸಂಕೇತ ಎಣಿಸಿ ತುಂಡು ಮಾಡಿದರೆ ಕೊಂಬು, ಸೊನ್ನೆಗಳು ತಮ್ಮ ವ್ಯಂಜನದಿಂದ ಕಳಚಿ ಬೀಳುತ್ತವೆ. ಎರಡೂ ರೀತಿ ಮಾಡಿ ನೋಡಿ, ಯಾವುದನ್ನು ಬಳಸಿದಿರಿ ಎಂದು ಪೇಪರಿನಲ್ಲಿ ಬರೆಯಬೇಕು. ಮೂರನೆಯದಾಗಿ, ಕನ್ನಡ ಬಲ್ಲ ಭಾಷಾಮಾದರಿಯೊಂದು ಬೇಕು; ಎಕ್ಸ್‌ಎಲ್‌ಎಂ-ಆರ್, ಮುರಿಲ್ ಎರಡಕ್ಕೂ ಕನ್ನಡ ಕಲಿಸಲಾಗಿದೆ.

ಇವನ್ನೆಲ್ಲ ಎದುರಿಗೆ ಇಟ್ಟಾಗ ತಂಡದ ಗೆಲುವು ಕರಗಿತು. ನಾಲ್ಕಕ್ಷರದ ತುಂಡುಗಳ ಮುಂದೆ ಸ್ಟೆಮ್ಮರ್ ಹೆಚ್ಚುಕಡಿಮೆ ಸಮಬಲ. ಏಕೆಂದು ಹುಡುಕಿದಾಗ ಸಿಕ್ಕ ತಪ್ಪುಗಳು ಪಾಠದಂತಿವೆ. ‘ಗೆ’ ಕಂಡಲ್ಲೆಲ್ಲ ಚತುರ್ಥಿ ಪ್ರತ್ಯಯ ಎಂದು ಕತ್ತರಿಸುವ ನಿಯಮದಿಂದ ಶಂಕರಪುರ ‘ಮಲ್ಲಿಗೆ’ ಹೋಗಿ ‘ಮಲ್ಲಿ’ ಆಗಿತ್ತು, ‘ಅಡುಗೆ’ ‘ಅಡು’ ಆಗಿತ್ತು. ‘ಗಳ’ ತೆಗೆಯುವ ನಿಯಮ ‘ಜಗಳ’ದಲ್ಲಿ ‘ಜ’ ಒಂದನ್ನೇ ಉಳಿಸಿತ್ತು. ‘ಮಂಗಳೂರಿಗೆ’ ಎಂಬಲ್ಲಿ ‘ಗೆ’ ತೆಗೆದರೆ ‘ಮಂಗಳೂರಿ’ ಉಳಿಯುತ್ತದೆ. ಉಕಾರ ಮರಳಿ ಕೂಡಿಸದೆ ಅದು ‘ಮಂಗಳೂರು’ ಜೊತೆ ಸೇರುವುದೇ ಇಲ್ಲ. ಪರಿಹಾರ ಕಷ್ಟದ್ದಲ್ಲ. ಕತ್ತರಿಸಿದ ಮೇಲೆ ಕನಿಷ್ಠ ಎರಡು ಅಕ್ಷರ ಉಳಿಯಬೇಕು, ಉಳಿದ ರೂಪ ಸಂಗ್ರಹದಲ್ಲಿ ಸ್ವತಂತ್ರ ಪದವಾಗಿ ಬಂದಿರಬೇಕು, ಕತ್ತರಿಸುವ ಮೊದಲಿನ ಪದವೇ ನಿಘಂಟಿನಲ್ಲಿದ್ದರೆ ಕತ್ತರಿ ಹಾಕಲೇಬಾರದು.

ಇದಕ್ಕೂ ಕೆಳಗೆ ಇನ್ನೊಂದು ದೋಷ ಅಡಗಿತ್ತು. ‘ಕೊಳೆರೋಗ’ ಎಂದು ಟೈಪ್ ಮಾಡಿದರೆ ಏಳು ಸಂಕೇತ. ಆದರೆ ‘ಕೊ’ದ ಒತ್ವವನ್ನೂ ‘ರೋ’ದ ಓತ್ವವನ್ನೂ ಬಿಡಿಸಿ, ಎತ್ವಕ್ಕೆ ಊಕಾರದ ಚಿಹ್ನೆ, ಅದರ ಮೇಲೆ ದೀರ್ಘದ ಚಿಹ್ನೆ ಎಂದು ಬೇರೆಬೇರೆ ಬರೆದರೆ ಅದೇ ಪದ ಹತ್ತು ಸಂಕೇತವಾಗುತ್ತದೆ. ತೆರೆಯ ಮೇಲೆ ಎರಡರಲ್ಲೂ ಕೂದಲೆಳೆಯ ವ್ಯತ್ಯಾಸ ಇಲ್ಲ. ಕಂಪ್ಯೂಟರಿಗೆ ಎರಡೂ ಬೇರೆ ಪದ. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಲೇಖನಗಳಲ್ಲಿ ಬಿಡಿಸಿದ ರೂಪ ತುಂಬಿತ್ತು. ಸೂಚಿಗೆ ಹಾಕುವ ಮೊದಲು ಇಡೀ ಸಂಗ್ರಹವನ್ನೂ ಬರುವ ಪ್ರಶ್ನೆಯನ್ನೂ, ಬಿಡಿ ಚಿಹ್ನೆಗಳನ್ನು ಒಂದುಗೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತರಬೇಕು. ಕಣ್ಣಿಗೆ ಕಾಣದ ಜೋಡಕಗಳನ್ನು (ZWJ, ZWNJ ಎಂಬ ಸಂಕೇತಗಳನ್ನು) ತೆಗೆಯುವುದೋ ಉಳಿಸುವುದೋ ಎಂದು ಒಂದೇ ನಿಯಮ ಮಾಡಿಕೊಳ್ಳಬೇಕು. ಇಷ್ಟು ಮಾಡಿದ ಮೇಲೆ ಹೋಲಿಕೆಯ ಎಲ್ಲ ವ್ಯವಸ್ಥೆಗಳ ಅಂಕವೂ ಏರಿತು. ಅಂದರೆ ಸ್ಟೆಮ್ಮರಿನ ಲೆಕ್ಕಕ್ಕೆ ಬರೆದುಕೊಂಡಿದ್ದ ಸುಧಾರಣೆಯಲ್ಲಿ ಒಂದು ಪಾಲು ಯೂನಿಕೋಡ್‌ ಶುಚಿ ಮಾಡಿದ್ದರಿಂದ ಬಂದದ್ದು.

ಹಾಗಾದರೆ ಈ ಪೇಪರಿನಲ್ಲಿ ಉಳಿದದ್ದೇನು? ಗೈಡ್ ಇಲ್ಲಿ ಸರಿಯಾದ ಹೆಜ್ಜೆ ಇಟ್ಟರು. ಜರ್ನಲ್‌ಗಳನ್ನು ಅವು ಯಾವ ಪುರಾವೆ ಕೇಳುತ್ತವೆ ಎಂಬ ದೃಷ್ಟಿಯಿಂದ ಓದಲು ಕೂತರು. ಕಂಪ್ಯೂಟಿಂಗ್ ತಜ್ಞರ ಸಂಘವಾದ ಎಸಿಎಂನ ‘ಟ್ರಾನ್ಸಾಕ್ಷನ್ಸ್ ಆನ್ ಇನ್ಫರ್ಮೇಶನ್ ಸಿಸ್ಟಮ್ಸ್’ 1983ರಿಂದ ಬರುತ್ತಿದೆ. ಫಲಿತಾಂಶಗಳ ಕ್ರಮ ಎಷ್ಟು ಸರಿ ಎಂದು ಅಳೆಯಲು ಇಂದು ಎಲ್ಲರೂ ಬಳಸುವ ಎನ್‌ಡಿಸಿಜಿ ಅಳತೆಯನ್ನು ಯಾರ್ವೆಲಿನ್ ಮತ್ತು ಕೆಕಲೈನೆನ್ 2002ರಲ್ಲಿ ವಿಸ್ತಾರವಾಗಿ ಮಂಡಿಸಿದ್ದು ಅಲ್ಲೇ. ಅಲ್ಲಿಗೆ ಹೋಗಬೇಕಾದರೆ ಒಂದು ಭಾಷೆಯಾಚೆಗೂ ನಿಲ್ಲುವ ವಿಧಾನ ಬೇಕು. ತಂಡದ ಬಳಿ ಅದಿಲ್ಲ. ‘ಇನ್ಫರ್ಮೇಶನ್ ಪ್ರೊಸೆಸಿಂಗ್ ಅಂಡ್ ಮ್ಯಾನೇಜ್‌ಮೆಂಟ್’ 1963ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಹಳೆಯ ಜರ್ನಲ್; ಅಲ್ಲಿ ಪ್ರಯೋಗದ ಜೊತೆಗೆ ಬಳಕೆದಾರರ ಕಡೆಯ ಕೆಲಸವೂ ಸಲ್ಲುತ್ತದೆ. ಮೊದಲು ‘ಇನ್ಫರ್ಮೇಶನ್ ರಿಟ್ರೀವಲ್’ ಎಂದಿದ್ದ ಸ್ಪ್ರಿಂಗರ್ ಜರ್ನಲ್ ಈಗ ‘ಡಿಸ್ಕವರ್ ಕಂಪ್ಯೂಟಿಂಗ್’ ಎಂಬ ಹೆಸರಿನಲ್ಲಿ ಅಗಲವಾದ ವ್ಯಾಪ್ತಿ ಪಡೆದಿದೆ. ಹಳೆಯ ಹೆಸರನ್ನೇ ಹುಡುಕಿಕೊಂಡು ಹೋಗುವವರು ದಾರಿ ತಪ್ಪಬಾರದು. ಏಷ್ಯಾದ ಮತ್ತು ಸಂಪನ್ಮೂಲ ಕಡಿಮೆಯಿರುವ ಭಾಷೆಗಳಿಗೆಂದೇ ಎಸಿಎಂನ ‘ಟ್ಯಾಲಿಪ್’ (TALLIP) ಜರ್ನಲ್ ಇದೆ. ‘ಲ್ಯಾಂಗ್ವೇಜ್ ರಿಸೋರ್ಸಸ್ ಅಂಡ್ ಇವ್ಯಾಲ್ಯುಯೇಶನ್’ ದತ್ತಸಂಗ್ರಹವನ್ನೇ ಮುಖ್ಯ ಕೊಡುಗೆಯಾಗಿ ನೋಡುತ್ತದೆ. ‘ಡೇಟಾ ಇನ್ ಬ್ರೀಫ್’ನಂಥ ದತ್ತ ಜರ್ನಲ್‌ಗಳಲ್ಲಿ ದತ್ತದ ವಿವರಣೆಯಷ್ಟೇ ಇರಬೇಕು, ತೀರ್ಮಾನ ಬೇಡ.

ಈ ಓದಿಗೂ ನಮ್ಮ ಕಡೆ ಒಂದು ಅಡ್ಡಿ ಇದೆ. 2025ರ ಜನವರಿಯಿಂದ ಜಾರಿಯಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ ಜರ್ನಲ್ ಓದುವ ಅವಕಾಶ ಸರ್ಕಾರಿ ಸಂಸ್ಥೆಗಳಿಗೆ. ಸುರತ್ಕಲ್‌ನ ಎನ್‌ಐಟಿಕೆಯಂಥ ಕಡೆ ಕೂತು ಓದಬಹುದಾದದ್ದನ್ನು ಹತ್ತಿರದ ಖಾಸಗಿ ಕಾಲೇಜಿನಲ್ಲಿ ಕೂತು ಓದಲಾಗುವುದಿಲ್ಲ, ಮತ್ತು ಕರಾವಳಿಯಲ್ಲಿ ಖಾಸಗಿ ಕಾಲೇಜುಗಳೇ ಹೆಚ್ಚು. ಇದು ನಿಜವಾದ ಅಸಮಾನತೆ. ಲೇಖಕರು ತಾವೇ ಮುಕ್ತ ಪೇಪರ್ ತಾಣವಾದ ಆರ್ಕೈವ್‌ನಲ್ಲಿ ಹಾಕಿದ ಪ್ರತಿ, ಭಾಷಾ ತಂತ್ರಜ್ಞಾನದ ಪೇಪರ್‌ಗಳ ಸಂಗ್ರಹ ಎಸಿಎಲ್ ಆಂಥಾಲಜಿ, ಶೋಧ ಕ್ಷೇತ್ರದ ಪತ್ರಿಕೆ ಸಿಗಿರ್ ಫೋರಂ ಇವು ಬಿಟ್ಟಿ ಸಿಗುತ್ತವೆ. ತಂಡದ ಓದು ನಡೆದದ್ದು ಬಹುಪಾಲು ಇವುಗಳಿಂದಲೇ.

ಓದಿದ ಮೇಲೆ ಹೊಳೆದದ್ದು: ತಮ್ಮ ಸ್ಟೆಮ್ಮರ್‌ಗಿಂತ ಬೆಲೆಬಾಳುವುದು ಪರೀಕ್ಷಾ ಸಂಗ್ರಹ. ಅಂದರೆ ಲೇಖನಗಳು, ಪ್ರಶ್ನೆಗಳು, ಯಾವ ಪ್ರಶ್ನೆಗೆ ಯಾವ ಲೇಖನ ಪ್ರಸ್ತುತ ಎಂಬ ತೀರ್ಪುಗಳು. 1960ರ ದಶಕದ ಕ್ರ್ಯಾನ್‌ಫೀಲ್ಡ್ ಪ್ರಯೋಗಗಳಿಂದ ಹಿಡಿದು ಶೋಧ ವ್ಯವಸ್ಥೆಗಳನ್ನು ಒಟ್ಟಿಗೆ ಪರೀಕ್ಷಿಸಲು 1992ರಲ್ಲಿ ಶುರುವಾದ ಟ್ರೆಕ್, ಅಂಥದ್ದೇ ವೇದಿಕೆಯಾಗಿ ಭಾರತದ ಭಾಷೆಗಳಿಗಾಗಿ 2008ರಲ್ಲಿ ಶುರುವಾದ ಫೈರ್ ವರೆಗೆ ಇದೇ ಮೂರು ಭಾಗ. ಮೊದಲ ಪೇಪರಿನಲ್ಲಿ ಇದ್ದದ್ದು ಹತ್ತೇ ಪ್ರಶ್ನೆ. ತೀರ್ಪು ಕೊಟ್ಟದ್ದು ಸಂಶೋಧಕಿಯೇ. ಪ್ರತ್ಯಯಗಳ ಪಟ್ಟಿ ತಿದ್ದಿದ್ದೂ ಅದೇ ಹತ್ತು ಪ್ರಶ್ನೆ ನೋಡಿಕೊಂಡು. ಪ್ರಶ್ನೆಪತ್ರಿಕೆ ನೋಡಿ ಓದಿದ ಪರೀಕ್ಷೆ ಅದು.

ಹೊಸದಾಗಿ 50 ಪ್ರಶ್ನೆಗಳನ್ನು ಪುತ್ತೂರು, ಕಾರ್ಕಳ ಕಡೆಯ ಬೆಳೆಗಾರರ ಬಾಯಿಂದ ಬಂದ ರೂಪದಲ್ಲೇ ಬರೆದುಕೊಂಡರು: ‘ಮಹಾಳಿಗೆ ಮದ್ದು ಯಾವಾಗ ಬಿಡುವುದು’, ‘ಮೈಲುತುತ್ತು ಸುಣ್ಣ ಎಷ್ಟೆಷ್ಟು’. ಪುಸ್ತಕದ ಕನ್ನಡದಲ್ಲಿ ಇವೇ ‘ಕೊಳೆರೋಗ ನಿರ್ವಹಣೆ’, ‘ಶೇ. 1ರ ಬೋರ್ಡೋ ದ್ರಾವಣ’. ಐದು ವ್ಯವಸ್ಥೆಗಳಿಂದ ಪ್ರತಿ ಪ್ರಶ್ನೆಗೆ ಮೊದಲ 20 ಫಲಿತಾಂಶ ಒಟ್ಟುಗೂಡಿಸಿದರೆ ಗರಿಷ್ಠ 5,000 ಪ್ರಶ್ನೆ-ಲೇಖನ ಜೋಡಿ. ಒಂದೇ ಲೇಖನ ಹಲವು ವ್ಯವಸ್ಥೆಗಳಲ್ಲಿ ಬರುವುದರಿಂದ ಉಳಿದದ್ದು 2,700. ಒಂದಕ್ಕೆ 40 ಸೆಕೆಂಡ್ ಹಿಡಿದರೂ 30 ಗಂಟೆಯ ಕೆಲಸ. ಮಳೆಗಾಲದ ಮದ್ದು ಬಿಡುವ ಹೊತ್ತಿನಲ್ಲಿ ಕೃಷಿಕರನ್ನು ಕೂರಿಸಲಾಗದು. ಚೌತಿ ಕಳೆದ ಮೇಲೆ, ಕೊಯ್ಲು ಶುರುವಾಗುವ ಮೊದಲು, ದಿನಕ್ಕೆ ಎರಡು ಗಂಟೆಯಂತೆ ತೀರ್ಪಿನ ಕೆಲಸ ನಡೆಯಿತು. ಯಾವ ಫಲಿತಾಂಶ ಯಾವ ವ್ಯವಸ್ಥೆಯದ್ದು ಎಂದು ತೀರ್ಪುಗಾರರಿಗೆ ಗೊತ್ತಾಗದಂತೆ ಕಲಸಿ ಕೊಡಬೇಕು.

200 ಜೋಡಿಗಳನ್ನು ಇಬ್ಬರೂ ನೋಡಿದರು: ಒಬ್ಬರು ಅಡಿಕೆ ಬೆಳೆಗಾರರು, ಇನ್ನೊಬ್ಬರು ಎಂ.ಟೆಕ್. ವಿದ್ಯಾರ್ಥಿ. ಇಬ್ಬರೂ ಪ್ರಸ್ತುತ ಎಂದದ್ದು 50, ಇಬ್ಬರೂ ಅಲ್ಲ ಎಂದದ್ದು 110, ವಿದ್ಯಾರ್ಥಿ ಮಾತ್ರ ಹೌದೆಂದದ್ದು 25, ಬೆಳೆಗಾರರು ಮಾತ್ರ ಹೌದೆಂದದ್ದು 15. ಒಮ್ಮತ ಶೇ. 80. ಕೇಳಲು ಚಂದ, ಆದರೆ ಕುರುಡಾಗಿ ಗುರುತು ಹಾಕಿದರೂ ಈ ಪ್ರಮಾಣದಲ್ಲಿ ಶೇ. 54ರಷ್ಟು ಒಮ್ಮತ ತಾನಾಗಿ ಬರುತ್ತದೆ. ಅದನ್ನು ಕಳೆದು ಲೆಕ್ಕ ಹಾಕಿದ ಕಪ್ಪಾ ಬೆಲೆ 0.56. ಪೇಪರಿನಲ್ಲಿ ಹಾಕಬೇಕಾದದ್ದು ಈ ಅಂಕಿ. ಭಿನ್ನಮತದ ಕಾರಣವನ್ನೂ ಬಿಡಿಸಿ ನೋಡಿದರು. ಕಾಫಿಗೂ ಕೊಳೆರೋಗ ಎಂಬ ಹೆಸರಿನ ರೋಗವಿದೆ, ಕಾಳುಮೆಣಸಿನ ಸೊರಗು ರೋಗಕ್ಕೂ ಬೋರ್ಡೋ ಹೊಡೆಯುತ್ತಾರೆ. ವಿದ್ಯಾರ್ಥಿ ಆ ಲೇಖನಗಳಿಗೂ ‘ಪ್ರಸ್ತುತ’ ಗುರುತು ಹಾಕಿದ್ದರು. ಬೆಳೆಗಾರರು ಮಾತ್ರ ಹೌದೆಂದವು ‘ಮಹಾಳಿ’ ಪದ ಬಳಸಿದ ಲೇಖನಗಳು; ವಿದ್ಯಾರ್ಥಿಗೆ ಆ ಪದವೇ ಹೊಸದು.

ಅಂಕಗಳ ಲೆಕ್ಕದಲ್ಲಿ ಒಂದು ಸಣ್ಣ ಆದರೆ ದುಬಾರಿ ತಪ್ಪು ಸಿಕ್ಕಿತು. ಅಂಕ ಲೆಕ್ಕ ಹಾಕುವ ಟ್ರೆಕ್ ಇವ್ಯಾಲ್ ತಂತ್ರಾಂಶಕ್ಕೆ ಕೊಡುವ ಕಡತದಲ್ಲಿ ಆರು ಕಂಬಸಾಲು: ಪ್ರಶ್ನೆಯ ಸಂಖ್ಯೆ, ಬಳಕೆಯಿಲ್ಲದ ಒಂದು ಗುರುತು, ಲೇಖನದ ಸಂಖ್ಯೆ, ಸ್ಥಾನ, ಅಂಕ, ವ್ಯವಸ್ಥೆಯ ಹೆಸರು. ಈ ತಂತ್ರಾಂಶ ಸ್ಥಾನವನ್ನು ನೋಡುವುದಿಲ್ಲ, ಅಂಕ ನೋಡಿ ತಾನೇ ಮರುಜೋಡಿಸುತ್ತದೆ. ಒಂದು ವ್ಯವಸ್ಥೆ ಎಲ್ಲ ಲೇಖನಕ್ಕೂ ಅಂಕ 1 ಎಂದು ಬರೆದಿತ್ತು. ಹಾಗಾಗಿ ಅದರ ಕ್ರಮ ಲೇಖನದ ಸಂಖ್ಯೆಯ ಮೇಲೆ ನಿಂತಿತು, ಫಲಿತಾಂಶ ಅರ್ಥವಿಲ್ಲದ್ದಾಯಿತು. ಸ್ಥಾನಕ್ಕೆ ತಕ್ಕಂತೆ ಇಳಿಯುವ ಅಂಕ ಕೊಟ್ಟರೆ ಸಾಕಿತ್ತು. ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ಎಂಬುದಕ್ಕೆ ಪ್ರಶ್ನೆವಾರು ಅಂಕಗಳ ಮೇಲೆ ಯಾದೃಚ್ಛಿಕ ಅದಲುಬದಲಿನ ಪರೀಕ್ಷೆ ಮಾಡಿ, ಹಲವು ಹೋಲಿಕೆಗಳಿದ್ದುದರಿಂದ ಹೋಮ್ (Holm) ಎಂಬುವರ ವಿಧಾನದಲ್ಲಿ ಸರಿಹೊಂದಿಸಿದರು.

ಪೇಪರ್ ಮತ್ತೆ ಬರೆಯುವಾಗ ಶೀರ್ಷಿಕೆಯಿಂದ ‘ಸುಧಾರಿತ ಸ್ಟೆಮ್ಮರ್’ ಹೋಯಿತು, ಪರೀಕ್ಷಾ ಸಂಗ್ರಹ ಮುಂದೆ ಬಂತು. ಲೇಖನಗಳ ಹಕ್ಕು ಪತ್ರಿಕೆಗಳದ್ದಾದ ಕಾರಣ ಪಠ್ಯ ಹಂಚುವಂತಿಲ್ಲ. ಲೇಖನಗಳ ಕೊಂಡಿ, ಪ್ರಶ್ನೆಗಳು, ತೀರ್ಪಿನ ಕಡತ, ಶುಚಿ ಮಾಡುವ ಸ್ಕ್ರಿಪ್ಟ್ ಹಂಚಿದರು. ಕನ್ನಡ ಉದಾಹರಣೆಗಳು ಪುಟ ಜೋಡಿಸುವ ತಂತ್ರಾಂಶ ಪಿಡಿಎಫ್‌ಲೇಟೆಕ್‌ನಲ್ಲಿ ಒಡೆಯುತ್ತವೆ. ಲುವಾಲೇಟೆಕ್‌ನಲ್ಲಿ ಹಾರ್ಫ್‌ಬಜ್ ಆರಿಸಿ ನೋಟೊ ಕನ್ನಡ ಫಾಂಟ್ ಹಾಕಿದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಪ್ರತಿ ಉದಾಹರಣೆಯ ಕೆಳಗೆ ಐಎಸ್‌ಒ 15919 ಪ್ರಕಾರ ರೋಮನ್ ಲಿಪ್ಯಂತರ, ಅದರ ಕೆಳಗೆ ಅರ್ಥ. ಕನ್ನಡ ಓದಲು ಬಾರದ ವಿಮರ್ಶಕರಿಗೂ ‘ಮಲ್ಲಿಗೆ’ ಯಾಕೆ ಕೆಟ್ಟಿತು ಎಂದು ಕಾಣಬೇಕಲ್ಲ.

ಈ ಬಾರಿ ದತ್ತಸಂಗ್ರಹವನ್ನು ಕೊಡುಗೆ ಎಂದು ಒಪ್ಪುವ ಜರ್ನಲ್ ಒಂದಕ್ಕೆ, ಅದೊಂದಕ್ಕೇ ಕಳುಹಿಸಿದರು. ದೊಡ್ಡ ತಿದ್ದುಪಡಿ ಕೇಳಿ ಮೂವರು ವಿಮರ್ಶಕರ ಪತ್ರ ಬಂತು. ಒಬ್ಬರ ಆಕ್ಷೇಪ ಕಪ್ಪಾ ಬೆಲೆ ಕಡಿಮೆ ಎಂದು. ಅದಕ್ಕೆ ಉತ್ತರ ಕ್ಷೇತ್ರದೊಳಗೇ ಇದೆ: ತೀರ್ಪುಗಾರರಲ್ಲಿ ಭಿನ್ನಮತ ಇದ್ದರೂ ವ್ಯವಸ್ಥೆಗಳ ಪರಸ್ಪರ ಕ್ರಮ ಬಹುಮಟ್ಟಿಗೆ ಬದಲಾಗುವುದಿಲ್ಲ ಎಂದು ಎಲೆನ್ ವೂರ್‌ಹೀಸ್ 2000ದಲ್ಲಿ ಟ್ರೆಕ್ ದತ್ತದ ಮೇಲೆ ತೋರಿಸಿದ್ದರು. ತಂಡ ಆ ಹೆಸರು ಹೇಳಿ ಸುಮ್ಮನಾಗಲಿಲ್ಲ. ಇಬ್ಬರೂ ನೋಡಿದ ಜೋಡಿಗಳ ಮೇಲೆ, ಬೆಳೆಗಾರರ ತೀರ್ಪಿನಿಂದ ಒಮ್ಮೆ, ವಿದ್ಯಾರ್ಥಿಯ ತೀರ್ಪಿನಿಂದ ಒಮ್ಮೆ ಐದೂ ವ್ಯವಸ್ಥೆಗಳನ್ನು ಸಾಲಾಗಿ ನಿಲ್ಲಿಸಿ, ಎರಡು ಸಾಲುಗಳ ಕ್ರಮ ಎಷ್ಟು ಹೊಂದುತ್ತದೆ ಎಂದು ಅಳೆಯುವ ಕೆಂಡಾಲ್ ಟೌ ಲೆಕ್ಕವನ್ನು ಪತ್ರಕ್ಕೆ ಸೇರಿಸಿತು. ಪ್ರತಿ ಆಕ್ಷೇಪವನ್ನೂ ಇದ್ದಂತೆಯೇ ಎತ್ತಿ ಬರೆದು, ಕೆಳಗೆ ಉತ್ತರ, ಅದರ ಕೆಳಗೆ ತಿದ್ದಿದ ಪುಟ ಮತ್ತು ಸಾಲಿನ ಸಂಖ್ಯೆ. ಉತ್ತರ ಪತ್ರವೇ ಹನ್ನೊಂದು ಪುಟ ಆಯಿತು.

ಇನ್ನೊಬ್ಬ ವಿಮರ್ಶಕರು, ಎಲ್ಲ ವ್ಯವಸ್ಥೆಗಳೂ ಸೋತ ಪ್ರಶ್ನೆಗಳನ್ನು ಪಟ್ಟಿಯಿಂದ ತೆಗೆಯಬಹುದಲ್ಲ ಎಂದು ಕೇಳಿದ್ದರು. ತಂಡ ವಿನಯದಿಂದಲೇ ಒಪ್ಪಲಿಲ್ಲ. ಆ ಸಾಲುಗಳಲ್ಲಿ 14ನೆಯ ಪ್ರಶ್ನೆ ‘ಮಹಾಳಿಗೆ ಮದ್ದು ಯಾವಾಗ ಬಿಡುವುದು’. ಪ್ರತ್ಯಯ ಎಷ್ಟು ಚೆನ್ನಾಗಿ ಕತ್ತರಿಸಿದರೂ ‘ಮಹಾಳಿ’ಯಿಂದ ‘ಕೊಳೆರೋಗ’ಕ್ಕೆ ಸೇತುವೆ ಇಲ್ಲ, ಭಾಷಾಮಾದರಿಗಳೂ ಈ ಪದದ ಮುಂದೆ ಸೋತವು. ತಿದ್ದಿದ ಪ್ರತಿಯಲ್ಲಿ ಆ ಸಾಲು ಹಾಗೇ ಇದೆ, ಐದೂ ವ್ಯವಸ್ಥೆಗಳ ಕಡಿಮೆ ಅಂಕಗಳ ಜೊತೆ. ಕೆಳಗೊಂದು ಟಿಪ್ಪಣಿ: ಈ ಪದ ದಕ್ಷಿಣ ಕನ್ನಡ, ಉಡುಪಿ ಕಡೆಯ ಅಡಿಕೆ ಬೆಳೆಗಾರರದ್ದು.